ಮನೆಗೆ ಬಂದೂಕು ಬರುವ ಮೊದಲು

೨೦೨೫ನೆಯ ಇಸವಿಯ ಜನವರಿ ೧೬ರಂದು ಬೀದರ್ ನಗರದಲ್ಲಿ, ಹಾಡುಹಗಲಿನಲ್ಲಿ, ಬ್ಯಾಂಕಿನ ಎದುರಿನಲ್ಲಿಯೇ ಒಂದು ಘೋರಕೃತ್ಯ ನಡೆದುಹೋಯಿತು. ಎ.ಟಿ.ಎಂ. ಯಂತ್ರಗಳಿಗೆ ತುಂಬತಕ್ಕ ನಗದು ಹಣವನ್ನು ಸಾಗಿಸುತ್ತಿದ್ದ ನೌಕರರ ಮೇಲೆ ಮೋಟಾರ್ ಸೈಕಲ್ಲಿನಲ್ಲಿ ಬಂದ ಇಬ್ಬರು ಗುಂಡು ಹಾರಿಸಿ, ಹಣದ ಪೆಟ್ಟಿಗೆಯೊಡನೆ ಪರಾರಿಯಾದರು. ಒಬ್ಬ ನೌಕರ ಪ್ರಾಣ ಕಳೆದುಕೊಂಡ. ಮತ್ತೊಬ್ಬ ತೀವ್ರವಾಗಿ ಗಾಯಗೊಂಡ.

ಇಂಥ ಸುದ್ದಿಯನ್ನು ಕೇಳಿದ ಗೃಹಸ್ಥನ ಮನಸ್ಸಿನಲ್ಲಿ ಮೊದಲು ಏಳುವ ಪ್ರಶ್ನೆ, “ನನ್ನ ಮನೆಯ ಗತಿಯೇನು?” ಎಂಬುದು. ಅದರ ಹಿಂದೆಯೇ ಎರಡನೆಯ ಪ್ರಶ್ನೆಯೂ ಬರುತ್ತದೆ: “ಮನೆಯಲ್ಲಿ ಒಂದು ಬಂದೂಕು ಇದ್ದರೆ ಒಳ್ಳೆಯದಲ್ಲವೆ?”

ಬೀದರಿನ ಅಂಚಿನಲ್ಲಿರುವ ನೌಬಾದದ ಒಬ್ಬ ಗೃಹಸ್ಥನನ್ನು ಉದಾಹರಣೆಗೆ ಇಟ್ಟುಕೊಳ್ಳಬಹುದು. ಹೊಸ ಬಡಾವಣೆಯಲ್ಲಿ ಮನೆ; ಅಕ್ಕಪಕ್ಕದ ನಿವೇಶನಗಳಿನ್ನೂ ಖಾಲಿ; ಮನೆಯಲ್ಲಿ ವೃದ್ಧ ತಾಯಿ, ಹೆಂಡತಿ, ಇಬ್ಬರು ಮಕ್ಕಳು. ತೊಗರಿಬೇಳೆಯಿಂದ ಮೊದಲುಮಾಡಿ ಮದುವೆಯ ಸೀರೆಯವರೆಗೆ ಎಲ್ಲವನ್ನೂ ಕೈಯಲ್ಲಿರುವ ಫೋನಿನಿಂದಲೇ ತರಿಸಿಕೊಳ್ಳುವ ಕಾಲವಿದು. ಬಂದೂಕನ್ನೂ ಹಾಗೆಯೇ ತರಿಸಿಕೊಳ್ಳಲು ಬರುತ್ತದೆಯೆ?

ಬರುವುದಿಲ್ಲ. ಆದರೆ ನ್ಯಾಯಸಮ್ಮತವಾದ ಒಂದು ದಾರಿ ಇದೆ. ನೌಬಾದದಲ್ಲಿ ಬಹಮನಿ ಸುಲ್ತಾನರ ಕಾಲದ್ದೆಂದು ಹೇಳುವ ಕರೇಜ್ ಎಂಬ ನೀರಿನ ಸುರಂಗವಿದೆ. ಮೇಲಿನಿಂದ ನೋಡುವವನಿಗೆ ಅಲ್ಲೊಂದು ಇಲ್ಲೊಂದು ಬಾವಿಯ ಬಾಯಿ ಮಾತ್ರ ಕಾಣುತ್ತದೆ. ನೀರು ಹರಿಯುವ ಹಾದಿ ಕೆಳಗಿದೆ. ಬಂದೂಕಿನ ವ್ಯವಹಾರವೂ ಹಾಗೆಯೇ. ಅಂಗಡಿಯ ಬಾಗಿಲು ಎಲ್ಲರಿಗೂ ಕಾಣುತ್ತದೆ. ಅದಕ್ಕೆ ಮುಂಚಿನ ಹಾದಿ ಬಹಳ ಜನರಿಗೆ ತಿಳಿದಿಲ್ಲ.

ಮೊದಲು ಪರವಾನಗಿ, ಆಮೇಲೆ ಅಂಗಡಿ

ಬ್ರಿಟಿಷರು ೧೮೭೮ರಲ್ಲಿ ಮಾಡಿದ ಶಸ್ತ್ರ ಕಾನೂನು ಭಾರತೀಯರನ್ನು ನಿಶ್ಶಸ್ತ್ರರನ್ನಾಗಿ ಇಡುವ ಉದ್ದೇಶದ್ದೆಂದು ರಾಷ್ಟ್ರೀಯ ನಾಯಕರು ಬಹುಕಾಲ ಖಂಡಿಸಿದ್ದರು. ಬೀದರ್ ಆಗ ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿತ್ತು. ೧೯೪೮ರ ಸೆಪ್ಟೆಂಬರಿನಲ್ಲಿ ಸಂಸ್ಥಾನವು ಭಾರತದಲ್ಲಿ ವಿಲೀನವಾಯಿತು. ೧೯೫೬ರ ನವೆಂಬರ್ ೧ರಂದು ಬೀದರ್ ಮೈಸೂರು ರಾಜ್ಯದ ಜಿಲ್ಲೆಯಾಯಿತು. ಇಡೀ ದೇಶಕ್ಕೆ ಅನ್ವಯಿಸುವ ಹೊಸ ಶಸ್ತ್ರ ಅಧಿನಿಯಮವು ೧೯೫೯ರಲ್ಲಿ ಅಂಗೀಕಾರವಾಗಿ, ೧೯೬೨ರ ಅಕ್ಟೋಬರ್ ೧ರಿಂದ ಜಾರಿಗೆ ಬಂದಿತು. ಇಂದಿಗೂ ಮೂಲ ಕಾನೂನು ಅದೇ. ಅದರ ಕೆಳಗೆ ೨೦೧೬ರಲ್ಲಿ ಹೊಸ ನಿಯಮಾವಳಿ ಬಂದಿತು. ೨೦೧೯ರಲ್ಲಿ ಅಧಿನಿಯಮಕ್ಕೇ ಮಹತ್ವದ ತಿದ್ದುಪಡಿಯಾಯಿತು.

ಈ ಕಾನೂನಿನ ಮೊದಲ ಮಾತು ಸರಳವಾದದ್ದು. ಪರವಾನಗಿ ಇಲ್ಲದೆ ಯಾರೂ ಬಂದೂಕನ್ನು ಕೊಳ್ಳುವಂತಿಲ್ಲ, ಇಟ್ಟುಕೊಳ್ಳುವಂತಿಲ್ಲ, ಒಯ್ಯುವಂತಿಲ್ಲ. ಭಾರತದಲ್ಲಿ ಶಸ್ತ್ರ ಹೊಂದುವುದು ಮೂಲಭೂತ ಹಕ್ಕಲ್ಲ. ಅದು ಸರಕಾರವು ವಿಚಾರಿಸಿ ಕೊಡುವ ಅನುಮತಿ. ಬೀದರಿನಂಥ ಜಿಲ್ಲೆಯಲ್ಲಿ ಈ ಅನುಮತಿ ಕೊಡತಕ್ಕವರು ಜಿಲ್ಲಾ ದಂಡಾಧಿಕಾರಿಗಳಾದ ಜಿಲ್ಲಾಧಿಕಾರಿಗಳು. ಬೆಂಗಳೂರು, ಮೈಸೂರುಗಳಂಥ ನಗರಗಳಲ್ಲಿ ಆ ಅಧಿಕಾರ ಪೋಲೀಸ್ ಕಮಿಷನರರದು.

ಇಡೀ ವ್ಯವಹಾರದಲ್ಲಿ ಫೋನು ಅಥವಾ ಗಣಕಯಂತ್ರದ ಮೂಲಕ ನಡೆಯಬಹುದಾದ ಮುಖ್ಯ ಕೆಲಸವೆಂದರೆ ಅರ್ಜಿ. ಕೇಂದ್ರ ಗೃಹ ಮಂತ್ರಾಲಯವು ಶಸ್ತ್ರ ಪರವಾನಗಿಗಳ ರಾಷ್ಟ್ರೀಯ ದಾಖಲೆಯೊಂದನ್ನು ಇಟ್ಟಿದೆ. ಅದರ ಜಾಲತಾಣದಲ್ಲಿ ಅರ್ಜಿ ತುಂಬಬಹುದು. ಪ್ರತಿಯೊಬ್ಬ ಪರವಾನಗಿದಾರನಿಗೂ ಅಲ್ಲಿ ಒಂದು ಗುರುತಿನ ಸಂಖ್ಯೆ ಉಂಟು. ಅರ್ಜಿದಾರನಿಗೆ ೨೧ ವರ್ಷ ತುಂಬಿರಬೇಕು. ವಯಸ್ಸು, ವಾಸಸ್ಥಳ, ಗುರುತುಗಳ ದಾಖಲೆಗಳೊಂದಿಗೆ ದೇಹ ಹಾಗೂ ಮನಸ್ಸಿನ ಆರೋಗ್ಯವನ್ನು ಕುರಿತ ವೈದ್ಯರ ಪ್ರಮಾಣಪತ್ರವೂ ಬೇಕು. ಆಯುಧವನ್ನು ಸುರಕ್ಷಿತವಾಗಿ ಬಳಸಲು ತರಬೇತಿ ಪಡೆದ ಪ್ರಮಾಣಪತ್ರವನ್ನೂ ೨೦೧೬ರ ನಿಯಮಗಳು ಕೇಳುತ್ತವೆ.

ಅನಂತರ ಪೋಲೀಸು ವಿಚಾರಣೆ. ಅರ್ಜಿದಾರನ ಮೇಲೆ ಮೊಕದ್ದಮೆಗಳಿವೆಯೆ, ನೆರೆಹೊರೆಯವರೊಡನೆ ಅವನ ನಡತೆ ಹೇಗೆ, ಅವನು ಹೇಳುವ ಭಯಕ್ಕೆ ಆಧಾರವಿದೆಯೆ ಎಂಬುದನ್ನೆಲ್ಲ ಸಮೀಪದ ಠಾಣೆ ಪರಿಶೀಲಿಸುತ್ತದೆ. ವರದಿಗೆ ೩೦ ದಿನ, ವರದಿ ಬಂದ ಮೇಲೆ ನಿರ್ಣಯಕ್ಕೆ ೬೦ ದಿನ ಎಂದು ನಿಯಮವಿದೆ. ಪರವಾನಗಿಯನ್ನು ನಿರಾಕರಿಸಿದರೆ ಅಧಿಕಾರಿಯು ಕಾರಣಗಳನ್ನು ಬರವಣಿಗೆಯಲ್ಲಿ ದಾಖಲಿಸಬೇಕು. ಮೇಲಿನ ಅಧಿಕಾರಿಗೆ ಅಪೀಲು ಸಲ್ಲಿಸಲು ಅವಕಾಶವುಂಟು. ಅರ್ಜಿದಾರನಿಗೆ ಸಾಕಷ್ಟು ಆಸ್ತಿಯಿಲ್ಲವೆಂಬ ಒಂದೇ ಕಾರಣಕ್ಕೆ ಪರವಾನಗಿಯನ್ನು ನಿರಾಕರಿಸುವಂತಿಲ್ಲ ಎಂದು ಅಧಿನಿಯಮದ ಹದಿನಾಲ್ಕನೆಯ ಕಲಮು ಸ್ಪಷ್ಟವಾಗಿ ಹೇಳುತ್ತದೆ. ಬಂದೂಕು ಜಮೀನ್ದಾರನ ಗೋಡೆಯ ಅಲಂಕಾರವಾಗಿದ್ದ ಕಾಲವನ್ನು ಬಲ್ಲವರಿಗೆ ಈ ಒಂದು ವಾಕ್ಯದ ಬೆಲೆ ತಿಳಿಯುತ್ತದೆ.

ಯಾವ ಬಂದೂಕು?

ಎಲ್ಲ ಆಯುಧಗಳೂ ಕಾನೂನಿನ ಕಣ್ಣಿಗೆ ಒಂದೇ ಅಲ್ಲ. ರಕ್ಷಣೆಗಾಗಿ ಅಥವಾ ಕ್ರೀಡೆಗಾಗಿ ಕೇಳುವ, ೨೦ ಅಂಗುಲಕ್ಕೆ ಕಡಿಮೆಯಿಲ್ಲದ ನಯವಾದ ನಳಿಗೆಯ ಬಂದೂಕಿನ ವಿಷಯದಲ್ಲಿ ಕಾನೂನು ಸ್ವಲ್ಪ ಉದಾರವಾಗಿದೆ. ಬೆಳೆಯ ರಕ್ಷಣೆಗಾಗಿ ಪ್ರಾಮಾಣಿಕವಾಗಿ ಕೇಳುವ, ಬಾಯಿಯಿಂದ ಮದ್ದು ತುಂಬುವ ಕೋವಿಗೂ ಇದೇ ರಿಯಾಯಿತಿಯುಂಟು. ಉಳಿದ ಆಯುಧಗಳಿಗೆ, ಮುಖ್ಯವಾಗಿ ರಿವಾಲ್ವರು ಪಿಸ್ತೂಲುಗಳಿಗೆ, ತಕ್ಕ ಕಾರಣವಿದೆಯೆಂದು ಅಧಿಕಾರಿಗೆ ಮನವರಿಕೆಯಾಗಬೇಕು. ಸೈನ್ಯ ಹಾಗೂ ಪೋಲೀಸರು ಬಳಸುವ ನಿಷೇಧಿತ ಬೋರಿನ ಆಯುಧಗಳ ಮಾತಂತೂ ಕೇಂದ್ರ ಸರಕಾರದ ಬಾಗಿಲಿಗೇ ಹೋಗಬೇಕು. ಸಾಮಾನ್ಯ ನಾಗರಿಕನ ಕೈಗೆ ಬರುವಂಥವು ಹನ್ನೆರಡು ಬೋರಿನ ಬಂದೂಕು, ಪಾಯಿಂಟ್ ೩೨ ಬೋರಿನ ರಿವಾಲ್ವರು, ಪಾಯಿಂಟ್ ೩೧೫ ಬೋರಿನ ರೈಫಲು ಮುಂತಾದವು. ಕಾನಪುರ, ಈಶಾಪುರಗಳ ಸರಕಾರಿ ಕಾರ್ಖಾನೆಗಳು ಇಂಥವನ್ನು ತಯಾರಿಸುತ್ತ ಬಂದಿವೆ.

ಹಿಂದೆ ಒಬ್ಬನು ಮೂರು ಬಂದೂಕುಗಳನ್ನು ಇಟ್ಟುಕೊಳ್ಳಬಹುದಾಗಿತ್ತು. ೨೦೧೯ರ ತಿದ್ದುಪಡಿ ಅದನ್ನು ಎರಡಕ್ಕೆ ಇಳಿಸಿತು. ಮೂರು ವರ್ಷಗಳಿದ್ದ ಪರವಾನಗಿಯ ಅವಧಿಯನ್ನು ಐದಕ್ಕೆ ಏರಿಸಿತು.

ಬೀದರ್, ಭಾಲ್ಕಿ, ಔರಾದ ಕಡೆಯ ರೈತರಿಗೆ ಇನ್ನೊಂದು ಮಾತು ತಿಳಿದಿರಬೇಕು. ಹೊಲಗಳಿಗೆ ಕಾಡುಹಂದಿಯ, ಕೃಷ್ಣಮೃಗದ ಕಾಟವಿರುವುದು ನಿಜ. ಆದರೆ ಬೆಳೆಯ ರಕ್ಷಣೆಗೆಂದು ಸಿಕ್ಕಿದ ಕೋವಿಯ ಪರವಾನಗಿಯು ಮೃಗವನ್ನು ಕೊಲ್ಲುವ ಪರವಾನಗಿಯಲ್ಲ. ೧೯೭೨ರ ವನ್ಯಜೀವಿ ಸಂರಕ್ಷಣಾ ಅಧಿನಿಯಮ ಬೇರೆಯೇ ಇದೆ. ಕೃಷ್ಣಮೃಗವನ್ನು ಹೊಡೆದವನು ಬೆಳೆಯನ್ನು ಉಳಿಸಿಕೊಳ್ಳುವ ಬದಲು ಸೆರೆಮನೆಗೆ ಹೋದಾನು.

ಅಂಗಡಿಯ ಮೆಟ್ಟಿಲು

ಪರವಾನಗಿ ಕೈಗೆ ಬಂದ ಮೇಲೆ ಅಧಿಕೃತ ವ್ಯಾಪಾರಿಯ ಸರದಿ. ಅವನಿಗೂ ಬೇರೆ ಪರವಾನಗಿ ಇರಬೇಕು. ಯಾವ ಯಾವ ಬಂದೂಕುಗಳಿವೆ, ಬೆಲೆಯೇನು ಎಂಬುದನ್ನು ಗಿರಾಕಿಯು ಮನೆಯಲ್ಲಿಯೇ ಕುಳಿತು ಜಾಲತಾಣಗಳಲ್ಲಿ ನೋಡಬಹುದು, ಫೋನಿನಲ್ಲಿ ವಿಚಾರಿಸಬಹುದು. ಆದರೆ ಸೀರೆಯ ಪೊಟ್ಟಣದಂತೆ ಅದು ಅಂಚೆಯವನ ಕೈಯಲ್ಲಿ ಬಾಗಿಲಿಗೆ ಬರುವುದಿಲ್ಲ. ವ್ಯಾಪಾರಿಯು ಪರವಾನಗಿಯನ್ನು ಪರಿಶೀಲಿಸಿ, ಆಯುಧದ ತಯಾರಕನ ಹೆಸರು, ಬೋರು, ಅದರ ಮೇಲೆ ಕೊರೆದಿರುವ ಸಂಖ್ಯೆ ಇವನ್ನೆಲ್ಲ ತನ್ನ ದಫ್ತರದಲ್ಲಿಯೂ ಪರವಾನಗಿಯಲ್ಲಿಯೂ ದಾಖಲಿಸುತ್ತಾನೆ. ಕೊಂಡವನು ಅದನ್ನು ಅಧಿಕಾರಿಗಳಿಗೆ ತೋರಿಸಿ ರುಜು ಪಡೆಯಬೇಕು. ತೋಟಾಗಳು ಒಮ್ಮೆಗೆ ಎಷ್ಟು, ವರ್ಷಕ್ಕೆ ಎಷ್ಟು ಎಂಬ ಮಿತಿಯೂ ಪರವಾನಗಿಯಲ್ಲಿಯೇ ಇರುತ್ತದೆ.

ಬೀದರಿನವರಿಗೆ ಇಲ್ಲೊಂದು ವಿಶೇಷ ತೊಡಕುಂಟು. ಬೆಂಗಳೂರು ಅವರಿಗೆ ಸುಮಾರು ೭೦೦ ಕಿಲೋಮೀಟರು ದೂರ. ಹೈದರಾಬಾದು ಅದರ ಕಾಲುಭಾಗವೂ ಇಲ್ಲ. ಬಟ್ಟೆಗೆ, ಔಷಧಕ್ಕೆ, ಮದುವೆಯ ಚಿನ್ನಕ್ಕೆ ಹೈದರಾಬಾದಿಗೆ ಹೋಗಿ ಬರುವುದು ತಲೆಮಾರುಗಳ ರೂಢಿ. ಆದರೆ ನಡುವೆ ಈಗ ರಾಜ್ಯದ ಗಡಿಯಿದೆ. ಕರ್ನಾಟಕಕ್ಕೆ ಮಾತ್ರ ಸಲ್ಲುವ ಪರವಾನಗಿಯನ್ನು ಹಿಡಿದು ತೆಲಂಗಾಣದಿಂದ ಬಂದೂಕು ತರುವುದು ಅಪಾಯದ ಕೆಲಸ. ಅದಕ್ಕೆ ತಕ್ಕ ಅನುಮತಿಯನ್ನು ಜಿಲ್ಲಾಧಿಕಾರಿಗಳ ಕಛೇರಿಯಲ್ಲಿ ಮೊದಲೇ ಕೇಳಿ ಪಡೆಯತಕ್ಕದ್ದು.

ಒಬ್ಬ ಪರವಾನಗಿದಾರನು ತನ್ನ ಬಂದೂಕನ್ನು ಇನ್ನೊಬ್ಬ ಪರವಾನಗಿದಾರನಿಗೆ ಮಾರುವುದಾದರೂ ಜಿಲ್ಲಾ ದಂಡಾಧಿಕಾರಿಗಳಿಗೆ ಅಥವಾ ಠಾಣೆಗೆ ಬರವಣಿಗೆಯಲ್ಲಿ ತಿಳಿಸಿ ೪೫ ದಿನ ಕಾಯಬೇಕು. “ಪರವಾನಗಿ ಬೇಡ, ಹಣ ಕಳಿಸಿದರೆ ಮನೆಗೇ ತಲುಪಿಸುತ್ತೇವೆ” ಎಂದು ಜಾಲತಾಣಗಳಲ್ಲಿ ಕರೆಯುವವನು ಒಂದೋ ಹಣ ನುಂಗುವ ವಂಚಕ, ಇಲ್ಲವೆ ಕಳ್ಳ ಆಯುಧದ ವ್ಯಾಪಾರಿ. ಅಂಥ ಆಯುಧವನ್ನು ಇಟ್ಟುಕೊಂಡವನಿಗೆ ಎರಡರಿಂದ ಐದು ವರ್ಷಗಳ ಸೆರೆವಾಸವುಂಟು. ಮಾರಿದವನಿಗೆ ಏಳು ವರ್ಷಗಳಿಂದ ಜೀವಾವಧಿಯವರೆಗೆ ಶಿಕ್ಷೆಯಾಗಬಹುದು.

ಅಮೇರಿಕದ ರೀತಿ, ಕೊಡಗಿನ ರೀತಿ

ಅಮೇರಿಕದಲ್ಲಿ ನೆಲೆಸಿರುವ ಮಕ್ಕಳು, “ಇಲ್ಲಿ ಬಂದೂಕನ್ನು ಜಾಲತಾಣದಲ್ಲಿಯೇ ಕೊಳ್ಳುತ್ತಾರೆ” ಎಂದು ಹೇಳುವುದನ್ನು ಕೇಳಿ ಇಲ್ಲಿನ ತಾಯಿತಂದೆಯರು ಬೆರಗಾಗುವುದುಂಟು. ಆ ಮಾತು ಅರ್ಧ ಮಾತ್ರ ನಿಜ. ೧೯೬೩ರಲ್ಲಿ ಅಧ್ಯಕ್ಷ ಕೆನಡಿಯವರನ್ನು ಕೊಂದ ರೈಫಲನ್ನು ಆಸ್ವಾಲ್ಡ್ ಎಂಬವನು ಸುಳ್ಳು ಹೆಸರಿನಲ್ಲಿ, ಷಿಕಾಗೋ ನಗರದ ಒಂದು ಅಂಗಡಿಯಿಂದ ಅಂಚೆಯ ಮೂಲಕ ತರಿಸಿದ್ದನು. ಅದಕ್ಕೆ ಅವನು ತೆತ್ತದ್ದು ಅಂಚೆವೆಚ್ಚವೂ ಸೇರಿ ಸುಮಾರು ೨೧ ಡಾಲರು. ಆ ರಾಷ್ಟ್ರವು ೧೯೬೮ರಲ್ಲಿ ಕಾನೂನು ಮಾಡಿ ಅಂಥ ಅಂಚೆಯ ವ್ಯಾಪಾರವನ್ನು ತಡೆಯಿತು. ಈಗ ಅಲ್ಲಿ ದೂರದ ಅಂಗಡಿಗೆ ಹಣ ಕಟ್ಟಿದರೂ ಬಂದೂಕು ಕೊಂಡವನ ಊರಿನ ಅಧಿಕೃತ ವ್ಯಾಪಾರಿಯ ಅಂಗಡಿಗೇ ಬರುತ್ತದೆ. ಗಿರಾಕಿಯು ಅಲ್ಲಿಗೆ ಖುದ್ದಾಗಿ ಹೋಗಿ, ಗುರುತು ತೋರಿಸಿ, ಪ್ರಶ್ನಾವಳಿಯನ್ನು ತುಂಬಿ ರುಜು ಹಾಕಬೇಕು; ಅವನ ಪೂರ್ವಚರಿತ್ರೆಯನ್ನು ವ್ಯಾಪಾರಿಯು ಕೇಂದ್ರ ದಾಖಲೆಯೊಡನೆ ಹೋಲಿಸಿ ನೋಡಬೇಕು. ಬಹಳ ಸಲ ಈ ತಪಾಸಣೆ ನಿಮಿಷಗಳಲ್ಲಿ ಮುಗಿಯುತ್ತದೆ. ಮೂರು ಕೆಲಸದ ದಿನಗಳಲ್ಲಿ ಉತ್ತರ ಬಾರದಿದ್ದರೆ ಆ ರಾಷ್ಟ್ರದ ಕೇಂದ್ರ ಕಾನೂನಿನ ಮಟ್ಟಿಗೆ ಮಾರಾಟಕ್ಕೆ ಅಡ್ಡಿಯಿಲ್ಲ. ಕನ್ನಡಿಗ ತರುಣರು ಒಂದು ವಿಷಯವನ್ನು ನೆನಪಿಡಬೇಕು: ತಾತ್ಕಾಲಿಕ ಉದ್ಯೋಗದ ವೀಸಾದ ಮೇಲೆ ಅಲ್ಲಿರುವವನು, ಬೇಟೆಯ ಪರವಾನಗಿಯಂಥ ಕೆಲವು ವಿನಾಯಿತಿಗಳ ಹೊರತು, ಬಂದೂಕು ಹೊಂದುವುದು ಅಪರಾಧ.

ಅಮೇರಿಕದಲ್ಲಿ ಶಸ್ತ್ರವು ಸಂವಿಧಾನ ಕೊಟ್ಟ ಹಕ್ಕು. ಹಕ್ಕಿಲ್ಲದವನನ್ನು ಹುಡುಕಿ ತಡೆಯುವುದು ಅಲ್ಲಿನ ತಪಾಸಣೆಯ ಕೆಲಸ. ಇಲ್ಲಿ ಶಸ್ತ್ರವು ಅನುಮತಿ. ಅರ್ಹನನ್ನು ಹುಡುಕಿ ಕೊಡುವುದು ಇಲ್ಲಿನ ವಿಚಾರಣೆಯ ಕೆಲಸ. ಎರಡೂ ದೇಶಗಳು ಒಂದು ಮಾತನ್ನು ಮಾತ್ರ ಒಪ್ಪಿವೆ: ಕೊನೆಯಲ್ಲಿ ಒಬ್ಬ ಜವಾಬ್ದಾರ ಮನುಷ್ಯನು ಇನ್ನೊಬ್ಬನ ಮುಖ ನೋಡಿಯೇ ಆಯುಧವನ್ನು ಕೊಡಬೇಕು.

ಕರ್ನಾಟಕದಲ್ಲಿಯೇ ಇದಕ್ಕೆ ಹೊರತಾದ ಒಂದು ನಾಡಿದೆ. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ೧೮೬೧ರಷ್ಟು ಹಿಂದಿನಿಂದ ಬಂದ ವಿನಾಯಿತಿಯಿದೆ. ಕೇಂದ್ರ ಸರಕಾರವು ೨೦೧೯ರಲ್ಲಿ ಅದನ್ನು ೨೦೨೯ರವರೆಗೆ ಮುಂದುವರಿಸಿತು. ೨೦೨೧ರಲ್ಲಿ ಕರ್ನಾಟಕ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಅಲ್ಲಿ ಕೈಲ್ ಪೊಳ್ದ್ ಹಬ್ಬದಂದು ಕೋವಿಗೆ ತೋಕ್ ಪೂ ಎಂಬ ಹೂವನ್ನು ಮುಡಿಸಿ ಪೂಜಿಸುತ್ತಾರೆ; ಜನನ ಮರಣಗಳನ್ನು ಕೋವಿಯ ಸದ್ದಿನಿಂದ ಊರಿಗೆ ತಿಳಿಸುತ್ತಾರೆ. ಕೋವಿ ಅಲ್ಲಿ ಇಡೀ ಒಕ್ಕದ ಗೌರವ. ಅದನ್ನು ಹೇಗೆ ಹಿಡಿಯಬೇಕು, ಯಾವಾಗ ಮುಟ್ಟಬಾರದು ಎಂಬುದನ್ನು ಮಕ್ಕಳು ಹಿರಿಯರಿಂದ ಕಲಿಯುತ್ತಾರೆ. ಆ ಸಂಸ್ಕಾರವಿಲ್ಲದ ಮನೆಗೆ ಬರಿಯ ಕೋವಿ ಮಾತ್ರ ಬಂದರೆ ಫಲ ಬೇರೆಯಾಗುತ್ತದೆ.

ಬೀದರ್ ಹೇಳುವ ಪಾಠ

ಆ ಫಲವೇನೆಂಬುದಕ್ಕೆ ಬೀದರಿನವರು ದೂರ ಹೋಗಿ ನೋಡಬೇಕಾಗಿಲ್ಲ. ೧೬೫೭ರಲ್ಲಿ ಔರಂಗಜೇಬನು ಬೀದರಿನ ಕೋಟೆಯನ್ನು ಮುತ್ತಿದಾಗ ಬಿಜಾಪುರದ ಆದಿಲಶಾಹಿಗಳ ಪರವಾಗಿ ಅದನ್ನು ಕಾಯುತ್ತಿದ್ದವನು ಸಿದ್ದಿ ಮರ್ಜಾನ್. ಅವನು ವೀರ, ಕೋಟೆ ಬಲವಾದದ್ದು, ಬುರುಜುಗಳ ಮೇಲೆ ತೋಪುಗಳಿದ್ದವು. ಆದರೆ ಮುತ್ತಿಗೆಯ ಕಾಲದಲ್ಲಿ ಶತ್ರುಗಳ ಕಡೆಯಿಂದ ಹಾರಿದ ಕಿಡಿಯೊಂದು ಒಳಗೆ ಶೇಖರಿಸಿದ್ದ ಮದ್ದಿಗೆ ತಗುಲಿತು. ಸಿದ್ದಿ ಮರ್ಜಾನನೂ ಅವನ ಮಕ್ಕಳೂ ಆ ಸ್ಫೋಟದಲ್ಲಿ ಸುಟ್ಟು ಗಾಯಗೊಂಡರು; ಕೋಟೆ ಕೈಬಿಟ್ಟಿತು; ಅವನು ಉಳಿಯಲಿಲ್ಲ. ರಕ್ಷಣೆಗೆಂದು ಕೂಡಿಟ್ಟ ಮದ್ದೇ ರಕ್ಷಕನನ್ನು ತಿಂದಿತು.

ಅದೇ ಊರಿನಲ್ಲಿ ಮಂತ್ರಿ ಮಹಮೂದ್ ಗವಾನನು ೧೪೭೨ರ ಸುಮಾರಿಗೆ ಕಟ್ಟಿಸಿದ ವಿದ್ಯಾಲಯವಿದೆ. ಅದರ ಮುಂಭಾಗದ ಒಂದು ಮಿನಾರು ಬಣ್ಣದ ಹೆಂಚುಗಳೊಡನೆ ಇಂದಿಗೂ ನಿಂತಿದೆ, ಇನ್ನೊಂದಿಲ್ಲ. ಹದಿನೇಳನೆಯ ಶತಮಾನದ ಕೊನೆಯಲ್ಲಿ, ಮೊಗಲರ ಆಳ್ವಿಕೆಯಲ್ಲಿ, ಆ ವಿದ್ಯಾಲಯದ ಕೋಣೆಗಳಲ್ಲಿ ಮದ್ದನ್ನು ತುಂಬಿಟ್ಟಿದ್ದರು. ಅದು ಸಿಡಿದು ಕಟ್ಟಡದ ಒಂದು ಪಾರ್ಶ್ವವೇ ಹಾರಿಹೋಯಿತೆಂದು ಇತಿಹಾಸಕಾರರು ಹೇಳುತ್ತಾರೆ. ಸಿಡಿಲು ಬಡಿದುದೇ ಅದಕ್ಕೆ ಕಾರಣವೆನ್ನುವವರೂ ಉಂಟು. ಕಾರಣ ಯಾವುದೇ ಇರಲಿ, ಓದುವ ಕೋಣೆಯಲ್ಲಿ ಮದ್ದನ್ನು ಇಟ್ಟದ್ದು ಮನುಷ್ಯರೇ.

ಮನೆಯಲ್ಲಿ ಬಂದೂಕು ಇಡುವವನಿಗೂ ಪ್ರಶ್ನೆ ಇದೇ: ಎಲ್ಲಿ ಇಡುವುದು, ಹೇಗೆ ಇಡುವುದು? ಕಳ್ಳನು ಎಂದೋ ಬಂದಾನು, ಬಾರದೆಯೂ ಇದ್ದಾನು. ಮಕ್ಕಳು ಮಾತ್ರ ದಿನವೂ ಮನೆಯಲ್ಲಿರುತ್ತಾರೆ. ಗಂಡಹೆಂಡಿರ ಜಗಳ, ದಾಯಾದಿಗಳ ಮನಸ್ತಾಪ, ಪರೀಕ್ಷೆಯಲ್ಲಿ ಸೋತ ಹುಡುಗನ ನಿರಾಶೆ ಇವೆಲ್ಲ ಸಂಸಾರದಲ್ಲಿ ಬಂದು ಹೋಗುವಂಥವು. ಕೋಪಕ್ಕೂ ದುಃಖಕ್ಕೂ ಆಯುಷ್ಯ ಕಡಮೆ. ಒಂದು ರಾತ್ರಿ ಕಳೆದರೆ ಅವು ತಣಿಯುತ್ತವೆ. ಆದರೆ ಆ ಒಂದು ಗಳಿಗೆಯಲ್ಲಿ ತುಂಬಿದ ಬಂದೂಕು ಕೈಗೆಟುಕಿದರೆ ಬೆಳಗಾಗುವ ಮುನ್ನವೇ ಆಗಬಾರದ್ದು ಆಗಿಹೋಗುತ್ತದೆ. ಪರವಾನಗಿ ಕೊಡುವಾಗ ಠಾಣೆ, ವೈದ್ಯ, ಅಧಿಕಾರಿ, ವ್ಯಾಪಾರಿ ಇಷ್ಟು ಜನರ ಕಣ್ಣು ಕೊಳ್ಳುವವನ ಮೇಲಿರುತ್ತದೆ. ಬಂದೂಕು ಹೊಸ್ತಿಲು ದಾಟಿದ ಮೇಲೆ ಮನೆಯವರ ಕಣ್ಣೇ ಕಾವಲು.

ಆದುದರಿಂದ ಬಂದೂಕಿನಲ್ಲಿ ತೋಟಾ ತುಂಬಿಡಬಾರದು. ಬಂದೂಕು ಒಂದು ಬೀಗದೊಳಗೆ, ತೋಟಾಗಳು ಬೇರೊಂದು ಬೀಗದೊಳಗೆ ಇರಬೇಕು. ಬೀಗದ ಕೈಗಳು ಮಕ್ಕಳಿಗೆ ತಿಳಿದ ಜಾಗದಲ್ಲಿರಬಾರದು. ಕುಡಿತದ ಚಟವಿರುವ ಮನೆಗೆ, ಯಾರಾದರೂ ಮನೋವ್ಯಥೆಯಿಂದ ಬಳಲುತ್ತಿರುವ ಮನೆಗೆ ಬಂದೂಕನ್ನು ತಾರದಿರುವುದೇ ಲೇಸು. ಮದುವೆಯ ಮೆರವಣಿಗೆಯಲ್ಲಿ ಸಂತೋಷಕ್ಕೆಂದು ಗುಂಡು ಹಾರಿಸುವ ಪದ್ಧತಿ ಉತ್ತರದಲ್ಲಿ ಎಷ್ಟೋ ಜೀವಗಳನ್ನು ತೆಗೆದಿದೆ. ಅನ್ಯರ ಜೀವಕ್ಕೆ ಅಪಾಯವಾಗುವಂತೆ ಹಾಗೆ ಹಾರಿಸುವವನಿಗೆ ೨೦೧೯ರ ತಿದ್ದುಪಡಿಯಂತೆ ಎರಡು ವರ್ಷಗಳವರೆಗೆ ಸೆರೆ, ಇಲ್ಲವೆ ಒಂದು ಲಕ್ಷ ರೂಪಾಯಿಯವರೆಗೆ ದಂಡ, ಅಥವಾ ಎರಡೂ ಆಗಬಹುದು. ಚುನಾವಣೆಯ ಕಾಲದಲ್ಲಿ ಅಧಿಕಾರಿಗಳು ಕೇಳಿದರೆ ಬಂದೂಕನ್ನು ಠಾಣೆಯಲ್ಲಿ ಅಥವಾ ಅಧಿಕೃತ ವ್ಯಾಪಾರಿಯಲ್ಲಿ ಒಪ್ಪಿಸಿ ರಸೀದಿ ಪಡೆಯಬೇಕು.

ಅಜ್ಜನ ಬಂದೂಕು

ಕೊನೆಯದಾಗಿ, ಬಂದೂಕು ಕೊಳ್ಳುವ ಯೋಚನೆಯೇ ಇಲ್ಲದ ಸಂಸಾರಗಳಿಗೂ ಸಂಬಂಧಿಸಿದ ಒಂದು ಮಾತಿದೆ. ಹಳೆಯ ವಾಡೆಗಳಲ್ಲಿ, ಅಟ್ಟದ ಮೇಲೆ, ಅಜ್ಜನ ಕಾಲದ ಬಂದೂಕೊಂದು ಬಟ್ಟೆಯಲ್ಲಿ ಸುತ್ತಿಟ್ಟಿರುವುದುಂಟು. ಪರವಾನಗಿ ಅಜ್ಜನ ಹೆಸರಿನಲ್ಲಿ; ಅಜ್ಜ ಈಗಿಲ್ಲ. ಪಿತ್ರಾರ್ಜಿತ ಹೊಲ ಮಕ್ಕಳಿಗೆ ಬಂದಂತೆ ಬಂದೂಕು ಬರುವುದಿಲ್ಲ. ಪರವಾನಗಿದಾರನು ತೀರಿಕೊಂಡರೆ ಮನೆಯವರು ಅದನ್ನು ಅನಾವಶ್ಯಕ ವಿಳಂಬವಿಲ್ಲದೆ ಸಮೀಪದ ಠಾಣೆಯಲ್ಲಿ ಅಥವಾ ಅಧಿಕೃತ ವ್ಯಾಪಾರಿಯಲ್ಲಿ ಠೇವಣಿ ಇಡತಕ್ಕದ್ದು. ಬೇಕಾದರೆ ವಾರಸುದಾರನು ತನ್ನ ಹೆಸರಿನಲ್ಲಿ ಪರವಾನಗಿಗೆ ಅರ್ಜಿ ಹಾಕಬಹುದು. ಪರವಾನಗಿದಾರನು ಬದುಕಿರುವಾಗಲೇ, ಅವನಿಗೆ ೭೦ ವರ್ಷ ತುಂಬಿದರೆ ಅಥವಾ ಬಂದೂಕು ಅವನ ಬಳಿ ೨೫ ವರ್ಷ ಇದ್ದರೆ, ಮಗನಿಗೋ ಮಗಳಿಗೋ ಅದನ್ನು ವರ್ಗಾಯಿಸುವಂತೆ ಕೇಳಲು ಅವಕಾಶವಿದೆ.

ಮನೆಯ ಗೃಹಿಣಿಗೆ ಪರವಾನಗಿಯ ಪುಸ್ತಕ ಎಲ್ಲಿದೆ, ಅದರ ಅವಧಿ ಎಂದು ಮುಗಿಯುತ್ತದೆ ಎಂಬುದು ತಿಳಿದಿರಬೇಕು. ಎಷ್ಟೋ ಸಲ, ಯಜಮಾನನು ತೀರಿಕೊಂಡ ಮೇಲೆ ಠಾಣೆಯ ಮೆಟ್ಟಿಲು ಹತ್ತಿ ಉತ್ತರ ಹೇಳಬೇಕಾಗಿ ಬರುವುದು ಅವಳಿಗೆ. ಅಂತೆಯೇ, ಬಂದೂಕು ಬೇಕೆ ಬೇಡವೆ ಎಂಬ ನಿರ್ಣಯದಲ್ಲಿಯೂ ಅವಳ ಮಾತಿಗೆ ಸ್ಥಾನವಿರಬೇಕಾದದ್ದು ನ್ಯಾಯ. ಬಾಗಿಲಿಗೆ ಗಟ್ಟಿ ಅಗುಳಿ, ಅಂಗಳಕ್ಕೆ ದೀಪ, ನೆರೆಯವರೊಡನೆ ಸ್ನೇಹ, ಠಾಣೆಯ ದೂರವಾಣಿ ಸಂಖ್ಯೆ ಇಷ್ಟರಿಂದಲೇ ಭಯ ತೀರುವ ಮನೆಗಳು ಹೆಚ್ಚು. ತೀರದ ಮನೆಗೆ ಕಾನೂನಿನ ದಾರಿ ತೆರೆದೇ ಇದೆ. ಆ ದಾರಿ ನಿಧಾನವಾದದ್ದೆಂದು ಬೇಸರಪಡುವವರು, ನಿಧಾನವಾಗಿ ಯೋಚಿಸಲು ಅದು ಅಷ್ಟು ದಿನಗಳ ಅವಕಾಶವನ್ನೂ ಕೊಡುತ್ತದೆಂಬುದನ್ನು ಮರೆಯಬಾರದು.